ಅಬ್ಬಾಸನ ಕಂಪ್ಯೂಟರೂ ಜುಲೈಕಾಳ ಮಿಕ್ಸಿಯೂ

"ಕೊಂಡು ತರುವುದು ಕೈಲಾಗದವರ ಕೆಲಸ! ಕೈಯಲ್ಲಿ ಮಾಡಿದ್ದಕ್ಕಿರುವ ರುಚಿ ಕೊಂಡದ್ದಕ್ಕೆ ಎಲ್ಲಿಂದ ಬರಬೇಕು?"

ಅಬ್ಬಾಸ್ ಹೀಗೆ ಘೋಷಿಸಿದ್ದು ಯಾವ ವೇದಿಕೆಯಲ್ಲೂ ಅಲ್ಲ, ನರಿಕೊಂಬಿನ ತನ್ನ ಮನೆಯ ಅಡುಗೆಕೋಣೆಯ ಹೊಸ್ತಿಲಲ್ಲಿ ನಿಂತು. ಸಭಿಕರು ಇಬ್ಬರೇ. ಕಡೆಯುವ ಕಲ್ಲಿನ ಮುಂದೆ ಕೂತು ಕೋಳಿಸಾರಿಗೆ ಮಸಾಲೆ ಅರೆಯುತ್ತಿದ್ದ ಹೆಂಡತಿ ಜುಲೈಕಾ. ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಅವಳ ತಾಯಿ, ಅಂದರೆ ಅಬ್ಬಾಸನ ಅತ್ತೆ, ಖತೀಜಮ್ಮ.

ಘೋಷಣೆಗೆ ಕಾರಣ ದುಬೈಯಿಂದ ಬಂದ ಕ್ಯಾಸೆಟ್ಟು. ಆಗೆಲ್ಲ ಗಲ್ಫಿನಲ್ಲಿ ಮಕ್ಕಳಿದ್ದ ಮನೆಗಳಲ್ಲಿ ಕಾಗದ ಬರೆಯುವ ಕಷ್ಟ ಯಾರಿಗೂ ಬೇಡ. ಟೇಪ್ ರೆಕಾರ್ಡರಿನ ಮುಂದೆ ಕೂತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಮಾತಾಡುವುದು, ಹೋಗಿಬರುವವರ ಕೈಯಲ್ಲಿ ಆ ಕ್ಯಾಸೆಟ್ಟು ಕಳಿಸುವುದು, ಅಷ್ಟೇ. ಜುಲೈಕಾಳ ಅಣ್ಣ ಮಯ್ಯದ್ದಿ ಈ ಸಲದ ಕ್ಯಾಸೆಟ್ಟಿನಲ್ಲಿ ಹೇಳಿದ್ದ: "ಉಮ್ಮಾ, ಪೆರ್ನಾಲ್ ಹಬ್ಬಕ್ಕೆ ಬರ್ತೇನೆ. ವಿಮಾನದಲ್ಲಿ ದೊಡ್ಡ ಸಾಮಾನು ಒಂದೇ ತರಬಹುದು. ಅಬ್ಬಾಸನಿಗೆ ಆಟ ಆಡುವ ಕಂಪ್ಯೂಟರ್ ಆಸೆ ಉಂಟು, ಜುಲೈಕಾಳಿಗೆ ಮಿಕ್ಸಿಯ ಆಸೆ ಉಂಟು. ಯಾವುದು ತರಲಿ, ಬೇಗ ಹೇಳಿ ಕಳಿಸಿ."

ಮಿಕ್ಸಿ! ಆ ಶಬ್ದ ಕೇಳಿದ್ದೇ ಜುಲೈಕಾಳ ಕೈ ಕಲ್ಲಿನ ಮೇಲೆಯೇ ನಿಂತಿತ್ತು. ಎಂಟು ವರ್ಷದಿಂದ ಆ ಕಲ್ಲನ್ನು ತಿರುಗಿಸಿ ತಿರುಗಿಸಿ ಅವಳ ಬಲಭುಜ ಮಳೆಗಾಲ ಬರುವ ಮೊದಲೇ ಮಳೆಯ ಸುದ್ದಿ ಹೇಳುವಷ್ಟು ಹದಗೆಟ್ಟಿತ್ತು.

"ಮಿಕ್ಸಿಯೇ ಬರಲಿ" ಎಂದ ಅಬ್ಬಾಸ್ ಮಹಾದಾನಿಯ ಹಾಗೆ. "ಕಂಪ್ಯೂಟರ್ ನಾನೇ ಮಾಡ್ತೇನೆ. ಮಯ್ಯದ್ದಿ ಹೇಳಿದ ಕಂಪ್ಯೂಟರೇ, ಅದರದ್ದೇ ನಕ್ಷೆ ನನ್ನ ರೇಡಿಯೋ ಮಾಸಿಕದಲ್ಲಿ ಬಂದಿದೆ. ಟೀವಿಗೆ ಸಿಕ್ಕಿಸಿದರೆ ಆಯ್ತು."

"ಸತ್ಯವಾ? ಆಮೇಲೆ ಮಾತು ಬದಲಿಸಬಾರದು."

"ಅಬ್ಬಾಸನ ಮಾತು ಬದಲಾಗುವುದುಂಟಾ!"

ಬಂಟ್ವಾಳ ಪೇಟೆಯಲ್ಲಿ ಅಬ್ಬಾಸನದ್ದು ರೇಡಿಯೋ ರಿಪೇರಿ ಅಂಗಡಿ. ಅವನಷ್ಟು ಜಾಗ್ರತೆಯ ಮನುಷ್ಯ ನೇತ್ರಾವತಿಯ ಈ ದಡದಲ್ಲೂ ಇಲ್ಲ, ಆ ದಡದಲ್ಲೂ ಇಲ್ಲ. ಸ್ಕ್ರೂ ಬಿಚ್ಚಿದರೆ ಅದನ್ನು ತಟ್ಟೆಯಲ್ಲಿಟ್ಟು, ತಟ್ಟೆಗೆ ಚೀಟಿ ಅಂಟಿಸಿ, ಚೀಟಿಯಲ್ಲಿ 'ಸ್ಕ್ರೂ' ಎಂದು ಬರೆಯುವವ. ಮನೆಯಲ್ಲಿ ಉಪ್ಪಿನ ಡಬ್ಬಕ್ಕೂ ಚೀಟಿ, ಕೊಡೆಗೂ ಚೀಟಿ. "ಇನ್ನು ನನ್ನ ಹಣೆಗೆ ಒಂದು ಅಂಟಿಸಿ, 'ಹೆಂಡತಿ' ಅಂತ" ಎಂದು ಜುಲೈಕಾ ಗೊಣಗುವುದಿತ್ತು.

ನಿರ್ಮಾಣ ಆರಂಭವಾಯಿತು. ಬೊಂಬಾಯಿಯಿಂದ ಅಂಚೆಯಲ್ಲಿ ಜಿರಳೆಗಳಂಥ ಕಪ್ಪು ಬಿಡಿಭಾಗಗಳು ಬಂದವು. ಪೆಟ್ಟಿಗೆಗೆ ಬಿಸ್ಕತ್ತಿನ ದೊಡ್ಡ ಡಬ್ಬ ಆಯಿತು. ಇನ್ನು ಅಕ್ಷರ ಒತ್ತುವ ಗುಂಡಿಗಳು. ಅಬ್ಬಾಸ್ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯ ಧರ್ಣಪ್ಪನಲ್ಲಿಗೆ ಹೋಗಿ ನಲ್ವತ್ತು ಕಾಲಿಂಗ್ ಬೆಲ್ ಸ್ವಿಚ್ಚು ಕೇಳಿದ.

ಧರ್ಣಪ್ಪ ಕನ್ನಡಕ ತೆಗೆದು ನೋಡಿದ. "ನಲ್ವತ್ತಾ? ನಿನ್ನ ಮನೆಗೆ ಬಾಗಿಲು ಎಷ್ಟುಂಟು ಮಾರಾಯ?"

"ಬಾಗಿಲಿಗಲ್ಲ ಧರ್ಣಪ್ಪಣ್ಣ, ಕಂಪ್ಯೂಟರಿಗೆ."

"ಹಾಗೋ. ಅದನ್ನು ಒತ್ತಿದರೆ ಒಳಗಿಂದ ಯಾರು ಬರ್ತಾರೆ?"

ಮಹಾಕಾರ್ಯಗಳಿಗೆ ಮೊದಲು ಸಿಕ್ಕುವುದು ನಗೆಯೇ ಎಂದು ಅಬ್ಬಾಸ್ ಸಹಿಸಿಕೊಂಡ.

ಮಾಸಿಕದಲ್ಲಿ, ಗುಂಡಿ ಒತ್ತಿ ಕಂಪ್ಯೂಟರಿಗೆ ಕಲಿಸಬೇಕಾದ ಆಟದ ಪಾಠವೂ ಇತ್ತು. ಆಕಾಶದಿಂದ ಉಲ್ಕೆ ಬೀಳುವುದು, ಕೆಳಗೆ ರಾಕೆಟ್ಟು ತಪ್ಪಿಸಿಕೊಳ್ಳುವುದು. ಬಂಟ್ವಾಳದಲ್ಲಿ ರಾಕೆಟ್ಟು ಕಂಡವರು ಯಾರು? ಅಬ್ಬಾಸ್ ರಾಕೆಟ್ಟನ್ನು ದೋಣಿ ಮಾಡಿದ, ಉಲ್ಕೆಯನ್ನು ತೆಂಗಿನಕಾಯಿ ಮಾಡಿದ. ನೇತ್ರಾವತಿಗೆ ನೆರೆ ಬಂದಿದೆ, ಮೇಲಿನಿಂದ ಕಾಯಿಗಳು ತೇಲಿ ಬರುತ್ತವೆ, ದೋಣಿಯವ ಹಿಡಿಯಬೇಕು! ಕಾಲಿಂಗ್ ಬೆಲ್ ಒತ್ತಿ ಒತ್ತಿ ಬೆರಳು ಬಾತುಕೊಂಡಿತು. ಕೊನೆಗೆ ಗುರುವಾರ ಸಂಜೆ ಕಪ್ಪು ಬಿಳುಪು ಟೀವಿಯಲ್ಲಿ ಒಂದು ದೋಣಿ ಮೂಡಿ, ಒಂದೇ ಒಂದು ಕಾಯಿ ಹಿಡಿಯಿತು!

"ಮಾಮೀ, ನೋಡಿ!" ಎಂದು ಅವನು ಅತ್ತೆಯನ್ನು ಕೂಗುವಷ್ಟರಲ್ಲಿ ಡಬ್ಬ ಬಿಸಿಯಾಗತೊಡಗಿತು. ಅಬ್ಬಾಸ್ ಅವಸರವಸರವಾಗಿ ಟೇಪ್ ರೆಕಾರ್ಡರ್ ಸಿಕ್ಕಿಸಿ ಆಟವನ್ನು ಕ್ಯಾಸೆಟ್ಟಿಗೆ ತುಂಬಿಸಿದ. ಕಂಪ್ಯೂಟರಿಗೆ ಕರೆಂಟು ಹೋದರೆ ನೆನಪೂ ಹೋಗುತ್ತದೆ. ಮತ್ತೆ ಕ್ಯಾಸೆಟ್ಟಿನಿಂದಲೇ ಉಣಿಸಬೇಕು. ತುಂಬಿಸಿದ್ದನ್ನು ಕೇಳಿದರೆ ಮಾತಿಲ್ಲ, ಹಾಡಿಲ್ಲ; ಬಾವಿಯ ರಾಟೆಗೆ ಬೆಕ್ಕಿನ ಬಾಲ ಸಿಕ್ಕಿದ ಹಾಗೆ 'ಕಿರ್ರ್...ಕೀಂ...' ಎಂಬ ಸದ್ದು ಮಾತ್ರ.

ಈಗ ಜಾಗ್ರತೆಯ ಪ್ರಶ್ನೆ. ಮನೆಯಲ್ಲಿ ಹೆಸರಿಲ್ಲದ ಕ್ಯಾಸೆಟ್ಟು ಸಿಕ್ಕಿದರೆ ಯಾರಾದರೂ ಅದರ ಮೇಲೆ ರೇಡಿಯೋ ಹಾಡು ತುಂಬಿಸಿಬಿಡುವುದು ಖಂಡಿತ. 'ಕಂಪ್ಯೂಟರ್ ಆಟ' ಎಂದು ಬರೆದರೆ ಕುತೂಹಲಕ್ಕೇ ಮುಟ್ಟುತ್ತಾರೆ. ಈ ಮನೆಯಲ್ಲಿ ಯಾರೂ ಮುಟ್ಟದ ಕ್ಯಾಸೆಟ್ಟು ಒಂದೇ: ಅತ್ತೆ ಮಗನಿಗೆ ಮಾತಾಡಿಟ್ಟದ್ದು. ಅದು ಕಪಾಟಿನಲ್ಲಿ ಹೊರಡಲು ತಯಾರಾಗಿ ಕೂತಿತ್ತು. ಮೇಲೆ ಅಬ್ಬಾಸನದೇ ಅಕ್ಷರದ ಚೀಟಿ: 'ಖತೀಜಮ್ಮ - ದುಬೈ'.

ಅಬ್ಬಾಸನ ತಲೆಯಲ್ಲಿ ಮಿಂಚು ಹೊಡೆಯಿತು. ಆಟದ ಕ್ಯಾಸೆಟ್ಟಿಗೂ 'ಖತೀಜಮ್ಮ - ದುಬೈ' ಎಂದೇ ಚೀಟಿ ಅಂಟಿಸಿ, ಕಪಾಟಿನಲ್ಲಿ ಅದರ ಮೇಲೆಯೇ ಇಟ್ಟ! ಗುರುತಿಗೆ ಚೀಟಿಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ. ಚುಕ್ಕೆ ಇದ್ದದ್ದು ಆಟ, ಇಲ್ಲದ್ದು ಅತ್ತೆ. ಈ ರಹಸ್ಯ ಭೂಮಂಡಲದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಇದಕ್ಕಿಂತ ಭದ್ರತೆ ಬ್ಯಾಂಕಿನಲ್ಲೂ ಇಲ್ಲ!

ಮರುದಿನ ಅಬ್ಬಾಸ್ ಅಂಗಡಿಯಲ್ಲಿದ್ದಾಗ, ಮುಂದಿನ ವಾರ ದುಬೈಗೆ ಹೊರಡಬೇಕಿದ್ದ ಹಸನಬ್ಬ ಮನೆಯಂಗಳಕ್ಕೆ ಓಡುತ್ತ ಬಂದ. ಟಿಕೇಟು ಒಂದು ವಾರ ಮೊದಲಿನದ್ದೇ ಸಿಕ್ಕಿತ್ತು, ಬೊಂಬಾಯಿ ಬಸ್ಸಿಗೆ ಹೊತ್ತಾಗಿತ್ತು. ಜುಲೈಕಾ ಕಪಾಟು ತೆರೆದು, ಮೇಲೆ ಕಂಡ ಕ್ಯಾಸೆಟ್ಟು ತೆಗೆದು ಕೊಟ್ಟಳು.

"ಹಸನಬ್ಬ ಬಂದಿದ್ದರು. ಉಮ್ಮನ ಕ್ಯಾಸೆಟ್ ಕೊಟ್ಟೆ" ಎಂದಳು ಸಂಜೆ.

"ಒಳ್ಳೇದಾಯ್ತು" ಎಂದ ಅಬ್ಬಾಸ್. ಒಳ್ಳೇದೇ ಆಗಿದೆ ಎಂದು ನಂಬಿದ್ದ, ಪಾಪ!

ಆದಿತ್ಯವಾರ ಉದ್ಘಾಟನೆ. ಕೇರಿಯವರೆಲ್ಲ ಚಾವಡಿಯಲ್ಲಿ ಒತ್ತೊತ್ತಾಗಿ ಕೂತರು. ಧರ್ಣಪ್ಪನೂ ತನ್ನ ಕಾಲಿಂಗ್ ಬೆಲ್ಲುಗಳ ಗತಿ ನೋಡಲು ಬಂದಿದ್ದ. ಅಬ್ಬಾಸ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಪಾಟಿನಿಂದ ಕ್ಯಾಸೆಟ್ಟು ತಂದ. ಒಂದು ದುಬೈಗೆ ಹೋದ ಮೇಲೆ ಉಳಿದದ್ದು ಆಟದ್ದೇ ತಾನೇ? ಚುಕ್ಕೆ ನೋಡಲಿಲ್ಲ. ಜೀವಮಾನದಲ್ಲಿ ಅವನು ನೋಡದೆ ಬಿಟ್ಟದ್ದು ಅದೊಂದೇ.

ಕ್ಯಾಸೆಟ್ಟು ತಿರುಗಿತು. ಟೀವಿಯಲ್ಲಿ ದೋಣಿಯಿಲ್ಲ, ಹೊಳೆಯಿಲ್ಲ, ಕಾಯಿಯಿಲ್ಲ.

"ನೆರೆ ಇಳಿಯಿತು ಕಾಣ್ತದೆ" ಎಂದ ಧರ್ಣಪ್ಪ.

"ಸ್ವಲ್ಪ ತಾಳಿ!" ಅಬ್ಬಾಸ್ ಬೆವರುತ್ತ, ಸದ್ದು ಸರಿ ಉಂಟಾ ಎಂದು ಕೇಳಲು ವಯರು ಎಳೆದ. ಟೇಪ್ ರೆಕಾರ್ಡರ್ ತನ್ನ ಪೂರ್ಣ ಕಂಠದಲ್ಲಿ ಮಾತಾಡಿತು:

"ಮೋನೇ ಮಯ್ಯದ್ದೀ, ಉಮ್ಮ ಮಾತಾಡುವುದು. ನೀನು ಮಿಕ್ಸಿಯೇ ತಾ. ಜುಲೈಕಾಳ ಭುಜ ನೋಡಲಿಕ್ಕಾಗುವುದಿಲ್ಲ. ಅಬ್ಬಾಸ್ ಬಿಸ್ಕತ್ತಿನ ಡಬ್ಬದಲ್ಲಿ ಏನೋ ಮಾಡ್ತಿದ್ದಾನೆ. ಅದಕ್ಕೆ ಗುಂಡಿ ತುಂಬಾ ಉಂಟು, ಬುದ್ಧಿ ಮಾತ್ರ ಇಲ್ಲ. ಪಾಪ, ಮಾಡಿಕೊಳ್ಳಲಿ, ಸಾರಾಯಿ ಕುಡಿಯುವ ಅಭ್ಯಾಸ ಇಲ್ಲವಲ್ಲ..."

ಚಾವಡಿ ನಗೆಯಲ್ಲಿ ಮುಳುಗಿತು. ಖತೀಜಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ತನಗೆ ಬುದ್ಧಿಯಿಲ್ಲವೆಂದು ಕೇಳಿ ಡಬ್ಬಕ್ಕೂ ಅವಮಾನವಾಯಿತೋ ಏನೋ, ಅದರ ಸಂದಿಯಿಂದ ಬಿಳಿ ಹೊಗೆ ಎದ್ದು 'ಟಪ್' ಎಂದಿತು. ಕಂಪ್ಯೂಟರ್ ಸ್ವರ್ಗಸ್ಥವಾಯಿತು!

ಜುಲೈಕಾ ಒಬ್ಬಳೇ ನಗಲಿಲ್ಲ. "ಉಮ್ಮನ ಮಾತು ಇಲ್ಲೇ ಇದ್ದರೆ, ದುಬೈಗೆ ಹೋದದ್ದು ಏನು?"

ಅಬ್ಬಾಸ್ ಚುಕ್ಕೆಯ ರಹಸ್ಯ ಬಾಯಿಬಿಟ್ಟ. ಅವಳು ಎದ್ದು ಒಳಗೆ ಹೋದಳು. ಅಡುಗೆಕೋಣೆಯಿಂದ ಕಲ್ಲಿನ ಸದ್ದು ಮಾತ್ರ ಬಂತು, 'ಗರ್ರ್...ಗರ್ರ್...'. ಆ ಹೊತ್ತಿನಲ್ಲಿ ಅರೆಯಲು ಏನೂ ಇರಲಿಲ್ಲ!

ಕಾಗದ ಬರೆದರೆ ತಲುಪುವಷ್ಟರಲ್ಲಿ ಮಯ್ಯದ್ದಿ ಹೊರಟಾಗಿರುತ್ತಾನೆ. ಅಬ್ಬಾಸ್ ಆದರೂ ಬರೆದ. ಪೆರ್ನಾಲಿಗೆ ಮೊದಲು ಮಯ್ಯದ್ದಿ ಬಂದ, ಕಾಗದ ಬರಲಿಲ್ಲವೆಂದ, ಟ್ಯಾಕ್ಸಿಯಿಂದ ದೊಡ್ಡ ಪೆಟ್ಟಿಗೆ ಇಳಿಸಿದ. ಜುಲೈಕಾ ಬಾಗಿಲ ಹಿಂದೆ ನಿಂತು ಇಣುಕಿದಳು.

"ಕ್ಯಾಸೆಟ್ ಹಾಕಿದರೆ ಕಿರ್ರ್ ಅಂತದೆ!" ಎಂದ ಮಯ್ಯದ್ದಿ. "ಉಮ್ಮನ ಸ್ವರಕ್ಕೆ ಏನಾಯ್ತು ಅಂತ ನನಗೆ ಎರಡು ದಿನ ಅನ್ನ ಸೇರಲಿಲ್ಲ. ಆಮೇಲೆ ರೂಮಿನ ಗೆಳೆಯ ಹೇಳಿದ, ಇದು ಕಂಪ್ಯೂಟರಿನ ಭಾಷೆ, ಯಾವುದೋ ಆಟ ಅಂತ. ಆಗ ಅರ್ಥ ಆಯ್ತು. ಉಮ್ಮ ಆಟವನ್ನೇ ಕಳಿಸಿದ್ದಾರೆ ಅಂದರೆ, ಕಂಪ್ಯೂಟರೇ ತಾ ಅಂತ ತಾನೇ ಹೇಳಿದ್ದು?"

ಪೆಟ್ಟಿಗೆ ತೆರೆಯಿತು. ಒಳಗೆ ಕಪ್ಪಗೆ ಮಿರಿಮಿರಿ ಹೊಳೆಯುವ ಕಂಪ್ಯೂಟರ್. ಮಯ್ಯದ್ದಿ ಕೆಂಪು ಚುಕ್ಕೆಯ ಕ್ಯಾಸೆಟ್ಟು ಹಾಕಿದ. ಕಿರ್ರ್, ಕೀಂ... ನೇತ್ರಾವತಿ ಉಕ್ಕಿ ಹರಿಯಿತು, ದೋಣಿ ಬಂತು, ಕಾಯಿಗಳು ತೇಲಿ ಬಂದವು! ಅಬ್ಬಾಸನ ಎದೆ ಉಬ್ಬಿತು. "ನಾನು ಮಾಡಿದ ಆಟ! ನೋಡು ಜುಲೈಕಾ..."

ಜುಲೈಕಾ ನೋಡಿದಳು. ಆಟವನ್ನಲ್ಲ, ಅವನನ್ನು. ಉಬ್ಬಿದ ಎದೆ ಅಲ್ಲೇ ಇಳಿಯಿತು.

ಅಂದಿನಿಂದ ಆ ಮನೆಯಲ್ಲಿ ಸಂಜೆಯಾದರೆ ಚಾವಡಿಯಲ್ಲಿ ಖತೀಜಮ್ಮನ ದೋಣಿ ಹೊರಡುತ್ತದೆ. "ಜುಲೈಕಾ, ಈ ಕಾಯಿ ನನ್ನದು!" ಎಂದು ಅವರು ಕೂಗುತ್ತಾರೆ. "ಮುಂದಿನದು ನನಗೆ ಬಿಡಿ ಉಮ್ಮಾ" ಎಂದು ಮಗಳು ಗುಂಡಿಗೆ ಕೈ ಹಾಕುತ್ತಾಳೆ. ಅಂಗಡಿ ಮುಚ್ಚಿ ಬಂದ ಅಬ್ಬಾಸ್ ಅಡುಗೆಕೋಣೆಯಲ್ಲಿ ಕಣ್ಣಲ್ಲಿ ಮೆಣಸಿನ ನೀರು ತುಂಬಿಕೊಂಡು ಮಸಾಲೆ ಅರೆಯುತ್ತಿರುತ್ತಾನೆ.

"ಇನ್ನೂ ನುಣ್ಣಗೆ ಆಗಲಿ!" ಎಂದು ಜುಲೈಕಾ ಅಲ್ಲಿಂದಲೇ ಹೇಳುತ್ತಾಳೆ. "ಕೈಯಲ್ಲಿ ಮಾಡಿದ್ದಕ್ಕಿರುವ ರುಚಿ ಕೊಂಡದ್ದಕ್ಕೆ ಎಲ್ಲಿಂದ ಬರಬೇಕು?"

ಕಡೆಯುವ ಕಲ್ಲಿಗೆ ಈಗ ಒಂದು ಚೀಟಿ ಅಂಟಿದೆ. ಅಕ್ಷರ ಜುಲೈಕಾಳದ್ದು. ಬರೆದದ್ದು ಒಂದೇ ಶಬ್ದ: 'ಅಬ್ಬಾಸ್'. ಗುರುತು ತಪ್ಪಬಾರದಲ್ಲ, ಮೂಲೆಯಲ್ಲಿ ಒಂದು ಕೆಂಪು ಚುಕ್ಕೆಯೂ ಉಂಟು.