ಗಲಾಟೆಯ ವೇಳಾಪಟ್ಟಿ

ಬೆಳಿಗ್ಗೆ ಎಂಟು ಗಂಟೆಗೆ ಮನೆಯ ಮಾಲೀಕರು ಫೋನ್ ಮಾಡಿ, "ಮನೆ ಮಾರ್ತಾ ಇದ್ದೀನಿ. ಹನ್ನೊಂದು ಗಂಟೆಗೆ ಒಬ್ರು ನೋಡೋಕೆ ಬರ್ತಾರೆ, ಸ್ವಲ್ಪ ತೋರಿಸಿಬಿಡಿ" ಎಂದರು.

"ಆಗ್ಲಿ ಸಾರ್" ಎಂದು ಗಡಿಯಾರದವನು ಫೋನ್ ಇಟ್ಟ. ಯಾರು, ಯಾಕೆ, ಮಾರಿದ ಮೇಲೆ ನಮ್ಮ ಗತಿಯೇನು ಎಂದು ಕೇಳಬೇಕಿತ್ತೆಂಬುದು ಆಗ ಹೊಳೆಯಿತು. ಅವನ ಜಾಯಮಾನವೇ ಅದು. ಪ್ರಶ್ನೆ ಕೇಳುವುದೆಂದರೆ ಅವನಿಗೆ ಇನ್ನೊಬ್ಬರ ತಟ್ಟೆಗೆ ಕೈ ಹಾಕಿದಷ್ಟು ಸಂಕೋಚ.

ಅವನು ಗಡಿಯಾರ ರಿಪೇರಿ ಮಾಡುವವನು. ಹನ್ನೆರಡು ವರ್ಷದಿಂದ ಈ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲೇ ಅವನ ಕೆಲಸ. ಗಡಿಯಾರಕ್ಕೆ ಏನಾಗಿದೆಯೆಂದು ಅವನು ನೋಡಿ ತಿಳಿಯುವುದಕ್ಕಿಂತ ಕೇಳಿ ತಿಳಿಯುವುದೇ ಹೆಚ್ಚು. ಟಿಕ್ಕಿಗೂ ಟಕ್ಕಿಗೂ ನಡುವೆ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಿದ್ದರೂ ಕಿವಿ ಹಿಡಿಯುತ್ತದೆ. ಅದಕ್ಕೆ ನಿಶ್ಶಬ್ದ ಬೇಕು, ಮತ್ತು ಊರೆಲ್ಲ ಜಾಲಾಡಿದರೂ ಈ ಬೀದಿಯಂಥ ನಿಶ್ಶಬ್ದ ಸಿಗುವುದಿಲ್ಲ. ಇಲ್ಲಿಗೆ ಹಾಲಿನವನು ಬೈಕಿನ ಎಂಜಿನ್ ಆರಿಸಿ, ತಳ್ಳಿಕೊಂಡು ಬರುತ್ತಾನೆ. ಸೀನು ಬಂದವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಸೀನುತ್ತಾರೆ. ಒಮ್ಮೆ ಒಂದು ಮನೆಯ ಗೇಟು ಕಿರ್ರೆಂದಿತೆಂದು ನಿವಾಸಿಗಳ ಸಂಘ ತುರ್ತು ಸಭೆಯನ್ನೇ ಕರೆದಿತ್ತು. ಸಭೆ ಪಿಸುಮಾತಿನಲ್ಲಿ ನಡೆದು, ಗೇಟಿಗೆ ಎಣ್ಣೆ ಹಾಕುವುದೆಂದು ತೀರ್ಮಾನವಾಯಿತು.

"ಯಾರು ಬರೋದಂತೆ?" ಎಂದಳು ಹೆಂಡತಿ.

"ಕೇಳ್ಲಿಲ್ಲ."

"ನಮ್ಮನ್ನ ಖಾಲಿ ಮಾಡಿಸ್ತಾರಂತಾ?"

"ಕೇಳ್ಲಿಲ್ಲ."

"ನಿಮ್ಮ ಬಾಯಿಗೆ ಯಾರಾದ್ರೂ ಕೀಲಿ ಕೊಡಬೇಕು ಅಷ್ಟೆ" ಎಂದು ಅವಳು ಹಿತ್ತಲಿಗೆ ನಡೆದಳು. ಹಿತ್ತಲ ಗೋಡೆಯ ಆಚೆ ಪಕ್ಕದ ಮನೆಯ ಹಲ್ಲಿನ ಡಾಕ್ಟರಮ್ಮ ಬಟ್ಟೆ ಒಣಹಾಕುತ್ತಿದ್ದರು. ಡಾಕ್ಟರಮ್ಮನಿಗೆ ಹೇಳಿದ್ದು ಸಂಘದ ಕಾರ್ಯದರ್ಶಿಗೆ ತಲುಪಲು ಐದು ನಿಮಿಷ ಹಿಡಿಯಿತು. ಒಂಬತ್ತಕ್ಕೆಲ್ಲ ಕಾರ್ಯದರ್ಶಿ, ಡಾಕ್ಟರಮ್ಮ ಮತ್ತು ಎದುರು ಮನೆಯ ನಿವೃತ್ತ ಸ್ಟೇಷನ್ ಮಾಸ್ತರು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಜಗಲಿ ಹತ್ತಿದರು.

"ನಿಮ್ಮಂಥ ಬಾಡಿಗೆದಾರರು ನಮಗೆ ಎಲ್ಲಿ ಸಿಗ್ತಾರ್ರೀ?" ಎಂದು ಕಾರ್ಯದರ್ಶಿ ಪಿಸುಗುಟ್ಟಿದರು. "ಹನ್ನೆರಡು ವರ್ಷ ಇದ್ದೀರಿ, ಇದ್ದೀರೋ ಇಲ್ವೋ ಅಂತಾನೇ ಗೊತ್ತಾಗಲ್ಲ. ನಾಳೆ ಯಾರೋ ಬಂದು ರೇಡಿಯೋ ಹಾಕ್ತಾರೆ, ಮಕ್ಕಳನ್ನ ಆಡಿಸ್ತಾರೆ. ನಮ್ಮ ಗತಿ? ಬಂದೋನು ಬಾಲ ಮುದುರ್ಕೊಂಡು ಓಡೋ ಹಾಗೆ ಮಾಡೋಣ."

"ಹೇಗೆ?" ಎಂದ ಗಡಿಯಾರದವನು. ಜೀವಮಾನದಲ್ಲಿ ಅವನು ಕೇಳಿದ ಕೆಲವೇ ಪ್ರಶ್ನೆಗಳಲ್ಲಿ ಅದೊಂದು, ಮತ್ತು ಕೇಳಬಾರದಾಗಿದ್ದದ್ದೂ ಅದೇ.

"ಗಲಾಟೆ" ಎಂದರು ಕಾರ್ಯದರ್ಶಿ, ಆ ಕಡೆ ಈ ಕಡೆ ನೋಡಿ, ಕೆಟ್ಟ ಮಾತು ಹೇಳುವವರಂತೆ.

ಸಂಘದ ಕೆಲಸವೆಂದ ಮೇಲೆ ಒಂದು ಶಿಸ್ತು ಬೇಕಲ್ಲ. ಕಾರ್ಯದರ್ಶಿ ಕಾಗದ ತೆಗೆದು ವೇಳಾಪಟ್ಟಿ ಬರೆದರು. ಹನ್ನೊಂದಕ್ಕೆ ಗಡಿಯಾರಗಳು. ಹನ್ನೊಂದೂ ಹತ್ತಕ್ಕೆ ಡಾಕ್ಟರಮ್ಮನ ನಾಯಿ ಬೊಗಳುವುದು. ಹನ್ನೊಂದೂ ಇಪ್ಪತ್ತಕ್ಕೆ ಡಾಕ್ಟರಮ್ಮ ತಮ್ಮ ಕಡೆಯಿಂದ ಎರಡು ಮನೆಗಳ ನಡುಗೋಡೆ ಕೊರೆಯುವುದು. ಹನ್ನೊಂದೂವರೆಗೆ ಕಾರ್ಯದರ್ಶಿಗೂ ಸ್ಟೇಷನ್ ಮಾಸ್ತರಿಗೂ ನಡುಬೀದಿಯಲ್ಲಿ ಜಗಳ. ಒಬ್ಬರ ಸದ್ದು ಇನ್ನೊಬ್ಬರ ಸದ್ದಿಗೆ ಅಡ್ಡ ಬರಬಾರದೆಂದು ಸ್ಟೇಷನ್ ಮಾಸ್ತರು ಬಾವುಟ ಹಿಡಿದು ಗೇಟಿನಲ್ಲಿ ನಿಲ್ಲುವುದೆಂದಾಯಿತು. ಅವರ ಮನೆಯಲ್ಲಿ ಹಸಿರು, ಕೆಂಪು ಎರಡೂ ಬಾವುಟಗಳು ಇಸ್ತ್ರಿ ಮಾಡಿಟ್ಟಂತೆಯೇ ಇದ್ದವು.

"ಒಂದ್ಸಲ ತಾಲೀಮು ಮಾಡೋಣ್ವಾ?" ಎಂದರು ಡಾಕ್ಟರಮ್ಮ.

"ಛೆ ಛೆ, ಗಲಾಟೆಯಾಗುತ್ತೆ" ಎಂದರು ಉಳಿದಿಬ್ಬರು.

ರಿಪೇರಿಯಾಗಿ ಗಿರಾಕಿಗಳಿಗೆ ಕಾದಿದ್ದ ಇಪ್ಪತ್ತಾರು ಗೋಡೆ ಗಡಿಯಾರಗಳು ಕೋಣೆಯಲ್ಲಿದ್ದವು. ಬೀದಿಯ ಮರ್ಯಾದೆಗೆಂದು ಅವುಗಳ ಗಂಟೆಯನ್ನೆಲ್ಲ ಅವನು ಕಟ್ಟಿಟ್ಟಿದ್ದ. ಹೆಂಡತಿ ಒಂದೊಂದನ್ನೇ ಬಿಚ್ಚುತ್ತ ಹೋದಳು. ಅವನು ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ.

ಹನ್ನೊಂದಕ್ಕೆ ಸರಿಯಾಗಿ ಗೇಟು ತೆರೆಯಿತು. ಬಂದವರು ಅರವತ್ತು ದಾಟಿದ ದಪ್ಪ ಮನುಷ್ಯ. ತೋಳಿಲ್ಲದ ಸ್ವೆಟರು, ಜೇಬಿನಲ್ಲೊಂದು ಪುಟ್ಟ ಡೈರಿ. ಇನ್ನೂ ಮೆಟ್ಟಿಲ ಮೇಲಿರುವಾಗಲೇ, "ಬಟ್ಟೆ ಗಿರಣೀಲಿ ಮೂವತ್ತೈದು ವರ್ಷ ಮೇಸ್ತ್ರಿಯಾಗಿದ್ದೆ, ಈಗ ರಿಟೈರು" ಎಂದು ಬೀದಿಯ ಆ ತುದಿಗೂ ಕೇಳುವಂತೆ ಪರಿಚಯ ಹೇಳಿಕೊಂಡರು. ಕಾಲು ಒಳಗಿಟ್ಟರೋ ಇಲ್ಲವೋ, ಇಪ್ಪತ್ತಾರು ಗಡಿಯಾರಗಳು ಒಟ್ಟಿಗೆ ಹನ್ನೊಂದು ಹೊಡೆದವು.

ಒಂದು ಸೆಕೆಂಡಿನ ವ್ಯತ್ಯಾಸವಿಲ್ಲ. ಕಿಟಕಿಯ ಗಾಜು ಗಡಗಡ ನಡುಗಿತು. ಆ ಸಂಕಟದಲ್ಲೂ ಗಡಿಯಾರದವನಿಗೆ ತನ್ನ ಕೈಕೆಲಸದ ಬಗ್ಗೆ ಕೊಂಚ ಹೆಮ್ಮೆಯಾಯಿತು. ಮೇಸ್ತ್ರಿಗಳು ಬಾಯಿ ಬಿಟ್ಟುಕೊಂಡು ಕೊನೆಯವರೆಗೆ ನಿಂತರು. ಆಮೇಲೆ ಡೈರಿ ತೆಗೆದು ಏನೋ ಬರೆದುಕೊಂಡು, "ಹೂಂ" ಎಂದರು.

"ದಿನಾ ಹಿಂಗೇನಾ?"

"ಗಂಟೆಗೊಂದ್ಸಲ" ಎಂದಳು ಹೆಂಡತಿ. "ರಾತ್ರಿ ಇನ್ನೂ ಜೋರು."

"ಹೂಂ."

ಗೇಟಿನಲ್ಲಿ ಹಸಿರು ಬಾವುಟ ಆಡಿತು. ಡಾಕ್ಟರಮ್ಮನ ನಾಯಿ ಒಳಗೆ ಬಂದು ಮೇಸ್ತ್ರಿಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಅವರ ಪಾದದ ಮೇಲೆ ತಲೆಯಿಟ್ಟು ಮಲಗಿತು. ಪಾಪ, ಅದೂ ಆ ಬೀದಿಯಲ್ಲೇ ಬೆಳೆದದ್ದು, ಬೊಗಳುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಕಡೆಗೆ ಬೇಲಿಯ ಹಿಂದಿನಿಂದ ಕಾರ್ಯದರ್ಶಿಯೇ ಬೊಗಳಬೇಕಾಯಿತು. ಒಂದೊಂದು ಬೊಗಳಿಗೂ ನಡುವೆ ಗಂಟಲು ಸರಿಮಾಡಿಕೊಂಡು, ಗೌರವಯುತವಾಗಿಯೇ ಬೊಗಳಿದರು. ನಾಯಿ ತಲೆಯೆತ್ತಿ ಬೇಲಿಯ ಕಡೆ ನೋಡಿ, ನಾಚಿಕೊಂಡು ಕಣ್ಣು ಮುಚ್ಚಿತು.

"ಬೇರೆ ನಾಯಿನೂ ಇದೆಯಾ?"

"ಅದಕ್ಕೆ ವಯಸ್ಸಾಗಿದೆ" ಎಂದ ಗಡಿಯಾರದವನು. ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಬಾಯಿಗೆ ಬಂದ ನಿಜವನ್ನೇ ಹೇಳಿಬಿಟ್ಟಿದ್ದ.

ಹನ್ನೊಂದೂ ಇಪ್ಪತ್ತಕ್ಕೆ ಗೋಡೆ ಗುರ್ರೆಂದಿತು. ಡಾಕ್ಟರಮ್ಮನದು ಪಳಗಿದ ಕೈ, ಸಂಶಯವಿಲ್ಲ. ಆದರೆ ಹಲ್ಲು ಕೊರೆಯುವಾಗ ಎಲ್ಲಿ ನಿಲ್ಲಿಸಬೇಕೆಂದು ರೋಗಿಯೇ ಕಿರುಚಿ ತಿಳಿಸುತ್ತಾನೆ, ಗೋಡೆ ಆ ಉಪಕಾರ ಮಾಡಲಿಲ್ಲ. ಡ್ರಿಲ್ಲಿನ ಮೊನೆ ಗೋಡೆಯನ್ನು ದಾಟಿ, ಈಚೆಗಿದ್ದ ದೊಡ್ಡ ಗಡಿಯಾರವನ್ನು ಕೆಡವಿ, ನಡುವೆ ಸಿಕ್ಕಿದ ನೀರಿನ ಪೈಪನ್ನೂ ತೂತು ಮಾಡಿ ಹೊರಗೆ ಮೂಗು ಚಾಚಿತು. ಸುಯ್ಯೆಂದು ನೀರು ಚಿಮ್ಮಿ ಮೇಸ್ತ್ರಿಗಳ ಸ್ವೆಟರಿಗೆ ಬಡಿಯಿತು.

"ಅಯ್ಯಯ್ಯೋ!" ಎಂದು ಗಡಿಯಾರದವನು ಎರಡೂ ಅಂಗೈಯಿಂದ ತೂತು ಮುಚ್ಚಿಕೊಂಡು ನಿಂತ. ನೀರು ಅವನ ತೋಳಿನೊಳಗೆ ಹರಿದು ಸೊಂಟದವರೆಗೆ ಇಳಿಯಿತು. ಕೆಳಗೆ ಬಿದ್ದ ಗಡಿಯಾರ ಅಡ್ಡಡ್ಡವಾಗಿ ಟಕ್ ಟಕ್ ಟಿಕ್ ಎನ್ನುತ್ತಿತ್ತು. ಆದರೂ ಮನೆ ಉಳಿಯುತ್ತದಲ್ಲ ಎಂದು ಹಲ್ಲು ಕಚ್ಚಿದ.

ಮೇಸ್ತ್ರಿಗಳು ಒದ್ದೆ ಡೈರಿಯಲ್ಲಿ ಮತ್ತೇನೋ ಬರೆದರು. ಗೋಡೆಯ ಆಚೆಯಿಂದ, "ಜಾಸ್ತಿಯಾಯ್ತಾ?" ಎಂದು ಡಾಕ್ಟರಮ್ಮನ ಮೆಲುದನಿ ಕೇಳಿಸಿತು.

ಅಷ್ಟರಲ್ಲಿ ಬೀದಿಯಲ್ಲಿ ಜಗಳ ಶುರುವಾಯಿತು.

"ತಾವು ಮೂರ್ಖರು ಅಂತ ನನ್ನ ಅಭಿಪ್ರಾಯ" ಎಂದರು ಕಾರ್ಯದರ್ಶಿ.

"ತಮ್ಮ ಅಭಿಪ್ರಾಯಕ್ಕೆ ನನ್ನ ವಿರೋಧವಿದೆ" ಎಂದರು ಸ್ಟೇಷನ್ ಮಾಸ್ತರು. ಜಗಳಕ್ಕೆ ಒಂದು ಕಾರಣ ಬೇಕಲ್ಲ ಎಂದು ಮಾಸ್ತರು, "ನಿಮ್ಮ ಮನೆ ಮರದ ಎಲೆಯೆಲ್ಲ ನನ್ನ ಅಂಗಳಕ್ಕೇ ಬೀಳತ್ತಲ್ಲ, ಅದಕ್ಕೇನಂತೀರಿ?" ಎಂದರು. ಹೇಳಿದ ಮೇಲೆ ಅದು ನಿಜವೆಂಬುದು ಅವರಿಗೇ ಹೊಳೆಯಿತು. "ಹದಿನೆಂಟು ವರ್ಷ ಗುಡಿಸಿದ್ದೀನ್ರೀ! ಸದ್ದಾಗುತ್ತೆ ಅಂತ ಪೊರಕೆ ಬಿಟ್ಟು ಕೈಯಲ್ಲಿ ಆಯ್ದಿದ್ದೀನಿ!"

"ಆಯಿರಿ! ಅಧ್ಯಕ್ಷರ ಚುನಾವಣೇಲಿ ನನ್ನ ವಿರುದ್ಧ ಕೈ ಎತ್ತಿದೋರು ನೀವೇ ತಾನೇ?"

"ಎತ್ತಿದೆ! ನಾಳೆನೂ ಎತ್ತೀನಿ! ಎರಡೂ ಕೈ ಎತ್ತೀನಿ!"

ಹದಿನೆಂಟು ವರ್ಷದ ಪಿಸುಮಾತು ಒಂದೇ ಸಲ ಗಂಟಲಿಗೆ ಬಂತು. ಕಿಟಕಿಗಳು ತೆರೆದುಕೊಂಡವು, ಕಿಟಕಿಗಳಲ್ಲಿದ್ದವರೂ ತಮ್ಮ ತಮ್ಮ ಅಹವಾಲು ನೆನಪಿಸಿಕೊಂಡು ಕೂಗತೊಡಗಿದರು. ಗಿರಾಕಿಯನ್ನು ಓಡಿಸಲು ಬಂದದ್ದು ಯಾರಿಗೂ ನೆನಪಿರಲಿಲ್ಲ. ಕೆಂಪು ಬಾವುಟದಿಂದ ಕಾರ್ಯದರ್ಶಿಗೆ ನಾಲ್ಕು ಬಿದ್ದದ್ದೂ ಆಗಲೇ.

ಮೇಸ್ತ್ರಿಗಳು ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡಿದರು. ಆಮೇಲೆ ತಿರುಗಿ, ಗೋಡೆಗೆ ಅಂಟಿಕೊಂಡಿದ್ದ ಗಡಿಯಾರದವನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ತೇವವಾಗಿತ್ತು. ಪೈಪಿನ ನೀರಿರಬೇಕೆಂದು ಅವನು ಅಂದುಕೊಂಡ.

"ನಿಮ್ಮ ಹತ್ರ ಮುಚ್ಚುಮರೆ ಯಾಕೆ?" ಎಂದರು. "ನಿನ್ನೆ ಸಂಜೆ ಒಂದ್ಸಲ ಬಂದು ಬೀದಿ ನೋಡ್ಕೊಂಡು ಹೋಗಿದ್ದೆ. ಸ್ಮಶಾನ ಇದ್ದಂಗಿತ್ತು. ಮೂವತ್ತೈದು ವರ್ಷ ಮಗ್ಗದ ಸದ್ದಲ್ಲಿ ಬದುಕಿದೋನು ನಾನು, ರಿಟೈರಾದಾಗಿಂದ ಒಂದು ದಿನ ನೆಟ್ಟಗೆ ನಿದ್ದೆ ಬಂದಿಲ್ಲ. ಇಲ್ಲಿ ನಾನಿರೋದು ಆಗದ ಮಾತು, ಮನೆ ಸುಮ್ನೆ ತಗೊಂಡಿಡೋಣ, ಈಗಿರೋರು ಒಳ್ಳೇ ಜನ ಅಂತಾರೆ, ಅವರೇ ಇರೋವಷ್ಟು ದಿನ ಇರ್ಲಿ ಅಂತ ನಿಮ್ಮ ಮಾಲೀಕರಿಗೆ ಮಾತು ಕೊಟ್ಟಿದ್ದೆ. ಗಾಬರಿಯಾಗಬೇಡಿ ಅಂತ ನಿಮಗೆ ಹೇಳಿ ಹೋಗೋಕೇ ಇವತ್ತು ಬಂದೆ."

ಗಡಿಯಾರದವನ ಕೈ ತೂತಿನಿಂದ ಜಾರಿತು. ನೀರು ಮತ್ತೆ ಚಿಮ್ಮಿತು, ಈ ಸಲ ಯಾರೂ ತಡೆಯಲಿಲ್ಲ.

"ಹಂಗಾದ್ರೆ... ನಾವು ಇರಬಹುದಾ?" ಎಂದಳು ಹೆಂಡತಿ.

"ಇರಬಹುದಿತ್ತಮ್ಮ. ಆದ್ರೆ ಇದನ್ನೆಲ್ಲ ನೋಡಿದ ಮೇಲೆ ಬಿಟ್ಟುಕೊಡೋಕೆ ಮನಸ್ಸು ಬರ್ತಾ ಇಲ್ಲ ನೋಡಿ. ನಾನೇ ಬಂದಿರ್ತೀನಿ. ನಮ್ಮವಳೂ ಜೋರು ಮಾತಿನೋಳು, ನಾಲ್ಕು ಮೊಮ್ಮಕ್ಕಳು ಬೇರೆ. ಬೇಜಾರು ಮಾಡ್ಕೋಬೇಡಿ, ತಿಂಗಳ ಕೊನೆಗೆ ಖಾಲಿ ಮಾಡಿಕೊಟ್ರೆ ಸಾಕು."

ಹೋಗುವಾಗ ಅವರು ನಡುಬೀದಿಯಲ್ಲಿ ನಿಂತು, ಹೊಡೆದಾಡುತ್ತಿದ್ದವರಿಗೆಲ್ಲ ಎರಡೂ ಕೈಯೆತ್ತಿ ನಮಸ್ಕಾರ ಮಾಡಿದರು. "ಒಂದು ತಿಂಗಳು ಅಷ್ಟೆ, ಬಂದುಬಿಡ್ತೀವಿ!" ಎಂದು ಕೂಗಿದರು.

ಬೀದಿ ಒಮ್ಮೆಗೇ ಸ್ತಬ್ಧವಾಯಿತು. ಎಲ್ಲರೂ ಗಡಿಯಾರದವನ ಜಗಲಿಯ ಕಡೆ ತಿರುಗಿದರು. ಅವನು ಒದ್ದೆ ಬಟ್ಟೆಯಲ್ಲಿ ಮೆಟ್ಟಿಲ ಮೇಲೆ ಕೂತು, ನಡೆದದ್ದನ್ನು ಬಿಕ್ಕುತ್ತಲೇ ಹೇಳಿದ. ಡಾಕ್ಟರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮಾಸ್ತರು ಬಾವುಟಗಳನ್ನು ಮಡಿಸಿ ಮನೆಗೆ ಹೋದರು. ಒಬ್ಬೊಬ್ಬರಾಗಿ ಎಲ್ಲರೂ ಸರಿದರು, ಕಾರ್ಯದರ್ಶಿ ಮಾತ್ರ ಉಳಿದರು. ಬಂದು ಅವನ ಪಕ್ಕದಲ್ಲಿ ಕೂತರು.

"ಮನೆ ಹುಡುಕೋಕೆ ಯಾವಾಗ ಹೊರಡ್ತೀರಿ?" ಎಂದು ಪಿಸುಗುಟ್ಟಿದರು.

"ನಾಳೆ ಬೆಳಿಗ್ಗೆ."

"ಹೊರಡೋವಾಗ ಒಂದು ಮಾತು ಹೇಳಿ" ಎಂದರು ಕಾರ್ಯದರ್ಶಿ. "ನಾನೂ ಬರ್ತೀನಿ. ಆದ್ರೆ ಸದ್ದಿಲ್ಲದ ಬೀದೀಲಿ ಮನೆ ಒಂದೇ ಸಿಕ್ರೆ, ಅದು ನನಗೆ."