ಮನೆಗೆ ಇಬ್ಬರು ಡಾಕ್ಟರು

ಸೀರೆ ಅಂಗಡಿಗೆ ಹೋದರೂ ನನಗೆ ಒಂದನ್ನೇ ಆರಿಸಿ ಎದ್ದು ಬರಲು ಆಗುವುದಿಲ್ಲ. ಈ ದೌರ್ಬಲ್ಯಕ್ಕೆ ಆಸ್ಟ್ರೇಲಿಯಾದಲ್ಲಿ ಗೌರವದ ಹೆಸರೊಂದಿದೆ: ಡ್ಯುಯಲ್ ಟ್ರೈನಿಂಗ್. ಎಮರ್ಜೆನ್ಸಿ, ಜನರಲ್ ಮೆಡಿಸಿನ್ ಎರಡರಲ್ಲೂ ತಜ್ಞೆಯಾಗುವ ದಾರಿ. ಸಿಡ್ನಿಯ ಹ್ಯಾರಿಸ್ ಪಾರ್ಕಿನ ಬಾಡಿಗೆ ಮನೆಯಲ್ಲಿ ಶುರು ಮಾಡಿದ್ದು, ಮೆಲ್ಬರ್ನಿಗೆ ಬಂದು ಗ್ಲೆನ್ ವೇವರ್ಲಿಯಲ್ಲಿ ಸ್ವಂತ ಮನೆಯ ಸಾಲ ಕಟ್ಟುತ್ತಿದ್ದರೂ ಮುಗಿದಿಲ್ಲ. ಹ್ಯಾರಿಸ್ ಪಾರ್ಕಿನ ಮಿಠಾಯಿ ಅಂಗಡಿಯ ಅಂಕಲ್ ಒಮ್ಮೆ ಹಿಂದಿಯಲ್ಲಿ ಕೇಳಿದ್ದರು, ಒಂದರಲ್ಲಿ ಫೇಲಾದರೆ ಇನ್ನೊಂದು ಇರಲಿ ಅಂತಲೇ ಎಂದು. ನಕ್ಕು ಜಿಲೇಬಿ ಕಟ್ಟಿಸಿಕೊಂಡೆ.

ಆರು ತಿಂಗಳು ಈ ವಿಭಾಗ, ಆರು ತಿಂಗಳು ಆ ವಿಭಾಗ. ಎಮರ್ಜೆನ್ಸಿಯಲ್ಲಿ ಕೂರಲು ಪುರುಸೊತ್ತಿಲ್ಲ. ಮೆಡಿಸಿನ್‌ನಲ್ಲಿ ಕೂತರೆ ಏಳುವುದಿಲ್ಲ. ಮೆಡಿಸಿನ್‌ನವರು ಎಮರ್ಜೆನ್ಸಿಯವರನ್ನು ದುಡುಕುಬುದ್ಧಿಯವರೆನ್ನುತ್ತಾರೆ, ಅವರು ಇವರನ್ನು ಸೋಮಾರಿಗಳೆನ್ನುತ್ತಾರೆ. ರೋಗಿಯನ್ನು ವಾರ್ಡಿಗೆ ದಾಟಿಸುವಾಗ ಫೋನಿನಲ್ಲಿ ದಿನವೂ ಜಗಳ. ನಾನು ಎರಡೂ ಕಡೆಯಿಂದ ಅಷ್ಟೇ ನಿಷ್ಠೆಯಿಂದ ಜಗಳವಾಡಿದ್ದೇನೆ.

ಇಂಥ ಮನೆಗೆ ರಾಣೆಬೆನ್ನೂರಿನಿಂದ ನಮ್ಮತ್ತೆ ಬಂದರು. ನನಗಾಗ ಮೆಡಿಸಿನ್ ಪಾಳಿಯ ಕೊನೆಯ ವಾರ. ಅವರೆದುರು ಒಂದು ಗಂಟೆ ಕೂತು, ಅವರ ಮದುವೆಯ ವರ್ಷದಿಂದ ಹಿಡಿದು ಆರೋಗ್ಯದ ಕಥೆಯನ್ನೆಲ್ಲ ಕೇಳಿ, ದಿನಕ್ಕೆ ಒಂದಿದ್ದ ಬಿಪಿ ಮಾತ್ರೆಯನ್ನು ಬೆಳಗ್ಗೆ ಎರಡು ಮಾಡಿದೆ. ಮುಂದಿನ ಸೋಮವಾರ ಪಾಳಿ ಎಮರ್ಜೆನ್ಸಿಗೆ ಬದಲಾಯಿತು. ಹೊರಡುವ ಅವಸರದಲ್ಲಿ ಅತ್ತೆ "ತಲಿ ಭಾರ ಆಗೇದ" ಎಂದರು. ಬಿಪಿ ನೋಡಿದೆ, ತುಸು ಜಾಸ್ತಿ. "ರಾತ್ರಿಯೂ ಒಂದು ತಗೊಳ್ಳಿ" ಎಂದು ಶೂ ಲೇಸು ಬಿಗಿದು ಓಡಿದೆ. ಮೊದಲು ಎಷ್ಟು ಹೇಳಿದ್ದೆನೆಂದು ಕೇಳಿಕೊಳ್ಳಲೇ ಇಲ್ಲ.

ಶನಿವಾರ ಅತ್ತೆ ಬಚ್ಚಲುಮನೆಯಲ್ಲಿ ತಲೆಸುತ್ತಿ ಕುಸಿದರು. ನನ್ನ ಗಂಡ ಪ್ರಸನ್ನ ಬಾಗಿಲ ಬಳಿಯೇ ಇದ್ದು ಹಿಡಿದುಕೊಂಡದ್ದಕ್ಕೆ ಸೊಂಟ ಉಳಿಯಿತು. ಬಿಪಿ ಪಾತಾಳಕ್ಕಿಳಿದಿತ್ತು. ದಿನಕ್ಕೆ ಎಷ್ಟು ಮಾತ್ರೆ ಎಂದು ಕೇಳಿದರೆ ಅತ್ತೆ ಮೂರು ಬೆರಳು ತೋರಿಸಿದರು.

"ದಿನಕ್ಕೆ ಮೂರು ತಗೊಳ್ಳಿ ಅಂತ ಯಾರು ಹೇಳಿದ್ದು?" ಎಂದು ರೇಗಿದೆ.

"ಮುಂಜಾನಿ ಎರಡು ಅಂದಾಕಿ ಕುಂತು ಮಾತಾಡೋ ಡಾಕ್ಟರ್. ರಾತ್ರಿ ಒಂದು ಅಂದಾಕಿ ಬೂಟು ಹಾಕ್ಕೋತ ಮಾತಾಡೋ ಡಾಕ್ಟರ್. ಇಬ್ರೂ ನಮ್ಮವರ. ಯಾರ ಮಾತು ತಗದ ಹಾಕ್ಲಿ ಹೇಳವಾ?"

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಪ್ರಸನ್ನ ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರನ್ನು ಬುಕ್ ಮಾಡಿದ.

ಕ್ಲಿನಿಕ್ಕಿನ ಡಾಕ್ಟರಮ್ಮ ಮಾತ್ರೆಗಳ ಲೆಕ್ಕ ಕೇಳಿ ಹುಬ್ಬು ಗಂಟಿಕ್ಕಿದರು. "ಇದನ್ನು ಕೊಟ್ಟವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಅನುವಾದಕ್ಕೆ ನಾನೇ ಗತಿ. ಅತ್ತೆ ಕನ್ನಡದಲ್ಲಿ ಹೇಳಿದರು: "ಇಬ್ರು ಡಾಕ್ಟರು. ಭಾಳ ಓದ್ಯಾರ. ಪಾಪ, ಇಬ್ರಿಗೂ ತಮ್ಮೊಳಗ ಮಾತಿಲ್ಲ."

ಇಬ್ಬರು ಡಾಕ್ಟರು, ಬಹಳ ಓದಿದವರು ಎನ್ನುವಷ್ಟನ್ನು ಮಾತ್ರ ಅನುವಾದಿಸಿದೆ.

"ನಿಮಗೆ ಪರಿಚಯವಿದ್ದರೆ ದಯವಿಟ್ಟು ತಿಳಿಸಿ, ಹೀಗೆ ಮಾಡಿದರೆ ಒಂದು ದಿನ ಜೀವ ತೆಗೆಯುತ್ತಾರೆ," ಎಂದರು ಡಾಕ್ಟರಮ್ಮ.

ಇಬ್ಬರೂ ಚೆನ್ನಾಗಿ ಗೊತ್ತು, ಖಂಡಿತ ತಿಳಿಸುತ್ತೇನೆ ಎಂದೆ. ಅತ್ತೆ ಪಕ್ಕದ ಕುರ್ಚಿಯಲ್ಲಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅವರ ಭುಜ ಕುಲುಕುತ್ತಿತ್ತು. ಅಳು ಅಲ್ಲ ಎಂಬುದನ್ನು ಪತ್ತೆಹಚ್ಚಲು ನನಗೆ ಯಾವ ಟ್ರೈನಿಂಗೂ ಬೇಕಾಗಲಿಲ್ಲ.