ಸಂತೋಷಕ್ಕೂ ಹೃದಯಾಘಾತಕ್ಕೂ ವ್ಯತ್ಯಾಸ ತಿಳಿಯದ ನನ್ನ ಕೈಗಡಿಯಾರಕ್ಕೆ

ಮಾನ್ಯರೇ,

ಮದುವೆಯಾದಾಗಿನಿಂದ ನನ್ನ ಎಡಗೈಯನ್ನು ಅಲಂಕರಿಸಿದ್ದ, ಗಂಟೆ ಎಷ್ಟು ಎಂಬುದೊಂದನ್ನು ಬಿಟ್ಟು ನನ್ನ ಬಗ್ಗೆ ಮಿಕ್ಕೆಲ್ಲವನ್ನೂ ಊರಿಗೆ ತಿಳಿಸಬಲ್ಲ ಸನ್ಮಾನ್ಯ ಸ್ಮಾರ್ಟ್ ವಾಚ್ ಅವರ ಸನ್ನಿಧಾನಕ್ಕೆ, ಹೊಳೆನರಸೀಪುರದ ತವರುಮನೆಯಿಂದ ಭವ್ಯಶ್ರೀ ಎಂಬ ಹೊಸ ಮದುಮಗಳ ಅನಂತ ನಮಸ್ಕಾರಗಳು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ರಜಾ ಅರ್ಜಿ ಬರೆದು ಪಳಗಿದ ಕೈ ನನ್ನದು. ಆದರೂ ಇದನ್ನು ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ಏಕೆಂದರೆ ಇಂಗ್ಲಿಷಿನಲ್ಲಿ ಬರೆದರೆ ತಾವು ಅದನ್ನು ಓದಿ, ಅರ್ಥ ಮಾಡಿಕೊಂಡು, ಯಾರಿಗಾದರೂ ಕಳುಹಿಸಿಬಿಡುವ ಅಪಾಯವಿದೆ.

ಮೊದಲಿಗೆ ತಮ್ಮ ವಂಶದ ಏಳಿಗೆಯನ್ನು ಮನಸಾರೆ ಕೊಂಡಾಡಲು ಅಪ್ಪಣೆಯಾಗಬೇಕು. ನಮ್ಮ ತಾತನ ಕೈಯಲ್ಲಿದ್ದ ತಮ್ಮ ಪೂರ್ವಜರು ಬೆಳಿಗ್ಗೆ ಕೀಲಿ ಕೊಟ್ಟರೆ ಮಾತ್ರ ನಡೆಯುತ್ತಿದ್ದರು, ಮರೆತರೆ ಮುನಿಸಿಕೊಂಡು ನಿಲ್ಲುತ್ತಿದ್ದರು, ಅಷ್ಟು ಬಿಟ್ಟರೆ ಯಾರ ತಂಟೆಗೂ ಹೋದವರಲ್ಲ. ವರೋಪಚಾರದಲ್ಲಿ ನಮ್ಮಪ್ಪ ನನ್ನ ಗಂಡ ಹರ್ಷವರ್ಧನ್ ಅವರಿಗೆ ಕಟ್ಟಿದ ಬಂಗಾರದ ಬಣ್ಣದ ವಾಚು ಕೂಡ ಸಂಭಾವಿತ ಪ್ರಾಣಿ. ಅವರು ಎಲ್ಲಿ ಹೋದರು, ಯಾರ ಜೊತೆ ಕೂತರು ಎಂದು ಅದರ ಬಾಯಿಂದ ಈವರೆಗೆ ಒಂದು ಮಾತು ಹೊರಬಿದ್ದಿಲ್ಲ. ಅಂಥ ಮೂಕರ ಮನೆತನದಲ್ಲಿ ಹುಟ್ಟಿಯೂ ತಾವು ಮಾತು ಕಲಿತಿರಿ, ನಾಡಿ ಹಿಡಿಯುವುದನ್ನು ಕಲಿತಿರಿ, ನಕ್ಷೆ ಓದುವುದನ್ನು ಕಲಿತಿರಿ, ಮಲಗಿದವರ ನಿದ್ದೆಗೆ ಅಂಕ ಹಾಕುವುದನ್ನೂ ಕಲಿತಿರಿ. ಮೂರು ತಲೆಮಾರಿನಲ್ಲಿ ಇಷ್ಟು ಮುಂದೆ ಬಂದ ಇನ್ನೊಂದು ಕುಟುಂಬವನ್ನು ನಾನು ಹಾಸನ ಜಿಲ್ಲೆಯಲ್ಲಿ ಕಂಡಿಲ್ಲ.

ದುದ್ದದ ನನ್ನ ಗಂಡನ ಮನೆಯಲ್ಲಿ ತಮ್ಮ ವಿದ್ವತ್ತು ಮೊದಲ ವಾರದಲ್ಲಿಯೇ ಬೆಳಗಿತು. ಅತ್ತೆ ಬೆಟ್ಟಮ್ಮನವರ ಕಣ್ಣೆದುರು ನಾನು ಹಿಟ್ಟಿನ ಕೋಲು ಹಿಡಿದು ಬೆವರು ಸುರಿಸುತ್ತ ಮೊದಲ ಸಲ ರಾಗಿಮುದ್ದೆ ತಿರುವುತ್ತಿದ್ದಾಗ ತಾವು ಸಣ್ಣಗೆ ಕಂಪಿಸಿ, ನಾನು ಬಹಳ ಚೆನ್ನಾಗಿ ಈಜುತ್ತಿದ್ದೇನೆಂದು ಅಭಿನಂದಿಸಿದಿರಿ. ಅದನ್ನು ಕನ್ನಡಕ್ಕೆ ಅನುವಾದಿಸಿ ಹೇಳಿದಾಗ ಅತ್ತೆ ಪಾತ್ರೆಯೊಳಗಿನ ಗಂಟುಗಂಟು ಮುದ್ದೆಯನ್ನು ನೋಡಿ, "ಈಜ್ತಾ ಅವ್ಳೋ ಮುಳುಗ್ತಾ ಅವ್ಳೋ ಸರಿಯಾಗಿ ನೋಡು ಅನ್ನವ್ವ ಅದಕ್ಕೆ" ಎಂದರು. ಅಂದೇ ನನಗೆ ಅರಿವಾಗಬೇಕಿತ್ತು, ತಮ್ಮಿಬ್ಬರಲ್ಲಿ ಯಾರ ಕಣ್ಣು ಚುರುಕೆಂದು.

ಇಷ್ಟಾದರೂ ನನ್ನ ಗಂಡ, ಹೊಸದಾಗಿ ಮದುವೆಯಾದ ಗಂಡಸರಿಗೆ ಮಾತ್ರ ಹೊಳೆಯುವ ಅಪಾರ ಬುದ್ಧಿಯಿಂದ, ತಮ್ಮಲ್ಲಿ ಆಪತ್ಕಾಲಕ್ಕೆ ಯಾರನ್ನು ಕರೆಯಬೇಕೆಂಬ ಜಾಗದಲ್ಲಿ ಸ್ವಂತ ನಂಬರ್ ಹಾಕದೆ, "ಮನೆಗೆ ಹಿರಿಯರು ಅಮ್ಮ, ಅವರ ನಂಬರ್ ಇದ್ದರೆ ಮರ್ಯಾದೆ" ಎಂದು ಬೆಟ್ಟಮ್ಮನವರ ನಂಬರನ್ನು ನಮೂದಿಸಿದರು. ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರು ಮೊದಲು ಹಾಕುವ ಹಾಗೆ! ನಾನೂ ಪುಳಕಗೊಂಡು ತಲೆಯಾಡಿಸಿದೆ. ಆಗ ನನಗೆ ಅವರು ಏನು ಹೇಳಿದರೂ ಪುಳಕವಾಗುತ್ತಿತ್ತು. ಈಗಲೂ ಆಗುತ್ತದೆ, ಅದೇ ತೊಂದರೆಯ ಮೂಲ.

ಅಷ್ಟರಲ್ಲಿ ಆಷಾಢ ಬಂತು. ತಮಗೆ ಹುಣ್ಣಿಮೆ, ಅಮಾವಾಸ್ಯೆ, ದೂರದ ದೇಶಗಳ ಹಬ್ಬ ಎಲ್ಲ ಗೊತ್ತು, ಆಷಾಢ ಗೊತ್ತಿಲ್ಲ. ಆದ್ದರಿಂದ ವಿನಯಪೂರ್ವಕವಾಗಿ ತಿಳಿಸುತ್ತೇನೆ. ನಮ್ಮ ಕಡೆ ಆ ತಿಂಗಳು ಹೊಸ ಸೊಸೆ ತವರಿನಲ್ಲಿರಬೇಕು, ಗಂಡನ ಮುಖ ನೋಡಬಾರದು, ಅಳಿಯ ಅತ್ತೆಯ ಮನೆಗೆ ಕಾಲಿಡಬಾರದು, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ನನ್ನನ್ನು ಬಸ್ಸು ಹತ್ತಿಸುವಾಗ ಬೆಟ್ಟಮ್ಮನವರು ಮಡಿಲಿಗೆ ತೆಂಗಿನಕಾಯಿ ಹಾಕಿ, "ನೋಡವ್ವ, ಊರೋರು ಒಂದ್ ಮಾತಾಡಂಗೆ ಮಾಡ್ಬ್ಯಾಡ. ನಿನ್ ಮ್ಯಾಲೆ ನಂಬ್ಕೆ ಮಡಗಿವ್ನಿ" ಎಂದಿದ್ದರು. ಸೊಸೆಯ ಮೇಲೆ ಅತ್ತೆ ಮೊದಲ ಬಾರಿಗೆ ಇಟ್ಟ ನಂಬಿಕೆ ಅದು. ಅದನ್ನು ನಾನು ಸೀರೆಯ ಮಡಿಕೆಯಲ್ಲಿಟ್ಟುಕೊಂಡ ಹಾಗೆ ಜೋಪಾನವಾಗಿ ಹೊಳೆನರಸೀಪುರಕ್ಕೆ ತಂದೆ. ತಂದದ್ದಂತೂ ನಿಜ, ಎಷ್ಟು ದಿನ ಉಳಿಸಿಕೊಂಡೆ ಎಂಬುದು ಬೇರೆ ಮಾತು.

ಆದರೆ ಮಾನ್ಯರೇ, ಆಷಾಢದ ಗಾಳಿ ಬಹಳ ಕೆಟ್ಟದ್ದು. ಕಳೆದ ವಾರ ರವಿಕೆಗೆ ಹೊಂದುವ ಲೈನಿಂಗ್ ಬಟ್ಟೆ ಹೊಳೆನರಸೀಪುರದಲ್ಲಿ ಎಲ್ಲೂ ಸಿಗುವುದಿಲ್ಲವೆಂದು ನಮ್ಮಮ್ಮನನ್ನು ಒಪ್ಪಿಸಿ ನಾನು ಹಾಸನದ ಬಸ್ಸು ಹತ್ತಿದೆ. ದುದ್ದದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ನನ್ನ ಗಂಡನಿಗೂ ಅದೇ ದಿನ ಯಾವುದೋ ಬೇರಿಂಗ್ ಹಾಸನದಲ್ಲಿ ಬಿಟ್ಟು ಬೇರೆಲ್ಲೂ ಸಿಗದಾಯಿತು. ಹಾಸನದ ಸ್ಟಾಪಿನಲ್ಲಿ ಅವರು ನಾನು ಮೆಚ್ಚಿದ ಆ ನೀಲಿ ಶರ್ಟಿನಲ್ಲಿ ನಿಂತಿದ್ದರು. ಬಸ್ಸು ಪೂರ್ತಿ ನಿಲ್ಲುವುದಕ್ಕೆ ಮುಂಚೆಯೇ ನಾನು ಧುಮುಕಿದೆ, ಬೀಳಲಿಲ್ಲ, ಅವರು ಹಿಡಿದುಕೊಂಡರು. ಎದೆ ಹೊಡೆದುಕೊಳ್ಳುತ್ತಿದ್ದದ್ದು ಸತ್ಯ. ಎದುರಿನ ಹೋಟೆಲಿನಲ್ಲಿ ಕೂತ ಮೇಲೂ ಅದು ಇಳಿಯಲಿಲ್ಲವೆಂಬುದೂ ಸತ್ಯ. ಆಗ ತಾವು ಗಡಗಡ ನಡುಗಿ, "ನೀವು ಬಿದ್ದಿದ್ದೀರಿ, ನಿಮ್ಮ ಹೃದಯ ಮಿತಿಮೀರಿ ಬಡಿಯುತ್ತಿದೆ, ಕ್ಷೇಮವೇ?" ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಿರಿ. ನನ್ನ ಒಂದು ಕೈಯಲ್ಲಿ ಮಸಾಲೆದೋಸೆ ಇತ್ತು, ಇನ್ನೊಂದು ಕೈ ಮೇಜಿನ ಕೆಳಗೆ ಅವರ ಕೈಯಲ್ಲಿತ್ತು. ಉತ್ತರಿಸಲು ಮೂರನೆಯ ಕೈಯನ್ನು ದೇವರು ಕೊಟ್ಟಿರಲಿಲ್ಲ. ಇವಳು ಉತ್ತರ ಕೊಡುತ್ತಿಲ್ಲ, ಆದ್ದರಿಂದ ಪ್ರಜ್ಞೆ ತಪ್ಪಿದ್ದಾಳೆಂದು ತೀರ್ಮಾನಿಸಿ, ತಾವು ನಕ್ಷೆಯ ಸಮೇತ ದುದ್ದಕ್ಕೆ ಸುದ್ದಿ ಮುಟ್ಟಿಸಿದಿರಿ.

ಮೊಬೈಲು ಬಡಿದುಕೊಂಡಾಗ ಬೆಟ್ಟಮ್ಮನವರು ಹಸುವಿಗೆ ಹುಲ್ಲು ಹಾಕುತ್ತಿದ್ದರಂತೆ. ಡೇರಿಗೆ ಹಾಲಿನ ಕ್ಯಾನು ಸಾಗಿಸುವ ಪಕ್ಕದ ಮನೆಯ ಅರುಣ್‌ಕುಮಾರ್ ಅದನ್ನು ಓದಿ, "ಭವ್ಯಕ್ಕ ಹಾಸನದಲ್ಲಿ ಬಿದ್ದವ್ರೆ, ಆರ್ಟಿಗೆ ಏನೋ ಆಗೈತೆ" ಎಂದು ಹೇಳಿದ್ದೇ ತಡ, ಅತ್ತೆ ಮಗನಿಗೆ ಫೋನು ಮಾಡಿದ್ದಾರೆ. ಮಗರಾಯ ಫೋನನ್ನು ಸದ್ದಿಲ್ಲದಂತೆ ಮಾಡಿ ಜೇಬಿನಲ್ಲಿಟ್ಟು ದೋಸೆಗೆ ಚಟ್ನಿ ಬಡಿಸಿಕೊಳ್ಳುತ್ತಿದ್ದರು. ಆಕೆ ಅದೇ ಹಾಲಿನ ಟೆಂಪೊ ಹತ್ತಿ ಹೊರಟುಬಿಟ್ಟರು. ತಾವು ದಾರಿಯುದ್ದಕ್ಕೂ ನನ್ನ ನೆಲೆಯನ್ನು ಅರುಣ್‌ಕುಮಾರನಿಗೆ ತೋರಿಸುತ್ತಲೇ ಇದ್ದಿರಿ. ಎರಡನೆಯ ಕಾಫಿ ತರಿಸಿಕೊಂಡು ಕಾಲಹರಣ ಮಾಡುತ್ತಿದ್ದ ನಮಗೆ ಮಾತ್ರ ಒಂದು ಸಣ್ಣ ಕಂಪನವನ್ನೂ ದಯಪಾಲಿಸಲಿಲ್ಲ.

ಹೋಟೆಲಿನ ಬಾಗಿಲಲ್ಲಿ ಆ ದನಿ ಕೇಳಿದಾಗ ನನ್ನ ಬಾಯಲ್ಲಿದ್ದ ಕಾಫಿ ಅಲ್ಲಿಯೇ ನಿಂತಿತು. ಆಕೆ ಒಳಗೆ ಬರಲಿಲ್ಲ. ಆಷಾಢವಲ್ಲವೇ! ಫುಟ್‌ಪಾತಿನ ಮೇಲೆ ನಿಂತುಕೊಂಡೇ ಗಲ್ಲಾದವರಿಗೆ, "ಅಣ್ಣಾ, ಅತ್ತೆ ಸೊಸೆ ಒಂದೇ ಒಸ್ಲು ದಾಟಂಗಿಲ್ಲ, ನಾನು ಬರಾಕಾಗಾಕಿಲ್ಲ. ಒಳ್ಗೆ ನನ್ ಸೊಸೆ ಬಿದ್ದವ್ಳೆ, ಉಸ್ರು ಐತಾ ನೋಡಣ್ಣಾ" ಎಂದು ಗೋಗರೆಯುತ್ತಿದ್ದರು. ಹೋಟೆಲಿನ ಮಂದಿಯೆಲ್ಲ ಉಸಿರಿಲ್ಲದ ಸೊಸೆಯನ್ನು ಹುಡುಕುತ್ತ ಕಡೆಗೆ ನನ್ನನ್ನು ನೋಡಿದರು. ನನ್ನ ಮುಂದೆ ದೋಸೆಯ ಕೊನೆಯ ತುಂಡಿತ್ತು, ಎದುರಿಗೆ ನೀಲಿ ಶರ್ಟಿತ್ತು.

ನಾವಿಬ್ಬರೂ ತಲೆ ತಗ್ಗಿಸಿ ಹೊಸಿಲ ಒಳಗೆ ನಿಂತೆವು, ಅವರು ಹೊರಗೆ ನಿಂತರು. ಮಗನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ, "ಅರುಣಾ, ಗಾಡಿ ತಿರುಗ್ಸಪ್ಪಾ. ಇವ್ಳಿಗೆ ಏನಾಗೈತೆ ಅಂತ ಗೊತ್ತಾಯ್ತು, ಡಾಕ್ಟ್ರು ಬ್ಯಾಡ" ಎಂದರು. ತಮ್ಮನ್ನು ಬಿಚ್ಚಿಸಿ ಅರುಣನ ಕೈಯಿಂದ ತರಿಸಿಕೊಂಡು ಸೆರಗಿಗೆ ಗಂಟು ಹಾಕಿಕೊಂಡರು. ನನಗೆ ಒಂದೇ ಒಂದು ಬೈಗುಳವೂ ಬೀಳಲಿಲ್ಲ. ಟೆಂಪೊ ಹತ್ತುವಾಗ ಅವರ ಕಾಲು ಕಂಡಿತು. ಒಂದರಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ನಮ್ಮ ಮಾವನವರದ್ದು. ಆಗ ನನ್ನ ಎದೆಗೆ ನಿಜವಾಗಿಯೂ ಏನೋ ಆಯಿತು. ತಾವು ಆ ಹೊತ್ತಿಗೆ ಸೆರಗಿನ ಗಂಟಿನಲ್ಲಿದ್ದಿರಿ, ದಾಖಲಾಗಲಿಲ್ಲ.

ಆದ್ದರಿಂದ ತಮ್ಮ ಉಜ್ವಲ ಭವಿಷ್ಯದ ದೃಷ್ಟಿಯಿಂದ ಕೆಲವು ಬಿನ್ನಹಗಳಿವೆ. ತಮ್ಮ ಮುಂದಿನ ಅವತಾರದಲ್ಲಿ, ಗಂಡನನ್ನು ಕಂಡಾಗ ಬಡಿಯುವ ಎದೆಯನ್ನೂ ರೋಗಕ್ಕೆ ಬಡಿಯುವ ಎದೆಯನ್ನೂ ಬೇರೆ ಮಾಡಿ ನೋಡುವ ವಿದ್ಯೆಯನ್ನು ಕಲಿತು ಬರಬೇಕು. ಆಷಾಢ ಕಾಲಿಟ್ಟ ಕೂಡಲೇ ತಾವೂ ತಮ್ಮ ತವರಿಗೆ, ಅಂದರೆ ಕಾರ್ಖಾನೆಗೆ, ಹೊರಟುಹೋಗುವ ಸಂಪ್ರದಾಯ ಪಾಲಿಸಬೇಕು. ಮುದ್ದೆಯಲ್ಲಿ ಗಂಟು ಕಟ್ಟುವ ಮೊದಲೇ ಎಚ್ಚರಿಸಬೇಕು. ಮದುವೆಯಾಗಿ ತಿಂಗಳು ಕಳೆಯುವ ಮುಂಚೆಯೇ "ಏನಾದ್ರೂ ಇಸೇಸನಾ?" ಎಂದು ಕೇಳಲು ಹೊರಟ ಹೆಂಗಸು ಬೀದಿಯ ತಿರುವಿನಲ್ಲಿದ್ದಾಗಲೇ ಕಂಪಿಸಬೇಕು. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಅತ್ತೆಗೆ ಸುಳ್ಳು ಹೇಳಲು ಹೊರಟ ಸೊಸೆಯನ್ನು ಬಸ್ಸು ಹತ್ತುವ ಮೊದಲೇ ತಡೆಯಬೇಕು. ಇಷ್ಟು ಕಲಿತರೆ ತಾವು ಸ್ಮಾರ್ಟ್ ಎಂಬ ಬಿರುದಿಗೆ ಅರ್ಹರೆಂದು ನಾನೇ ಸಹಿ ಹಾಕಿಕೊಡುತ್ತೇನೆ.

ಈಗ ತಾವು ಬೆಟ್ಟಮ್ಮನವರ ಕೈಯಲ್ಲಿ, ಹಸಿರು ಬಳೆಗಳ ನಡುವೆ ವಿರಾಜಮಾನರಾಗಿದ್ದೀರೆಂದು ನನ್ನ ಗಂಡ ಫೋನಿನಲ್ಲಿ ತಿಳಿಸಿದರು. ಡೇರಿಯಲ್ಲಿ ಯಾರು ಕೇಳಿದರೂ ಆಕೆ, "ನನ್ ಸೊಸೆದು ಕಣವ್ವ, ಪಾಪ ಅವ್ಳ ಎದೆ ನೋಡ್ಕಳ್ಳದು. ಬತ್ತಾಳೆ, ಸ್ರಾವಣ ಬರ್ಲಿ" ಎನ್ನುತ್ತಾರಂತೆ. ನಾನು ಸೀರೆಯ ಮಡಿಕೆಯಿಂದ ಬೀಳಿಸಿಕೊಂಡದ್ದನ್ನು ಆಕೆ ಎತ್ತಿ ಧೂಳು ಒರೆಸಿ ಇಟ್ಟುಕೊಂಡಿದ್ದಾರೆ. ಅದನ್ನು ಅಳೆಯುವ ಯಂತ್ರ ತಮ್ಮ ಕುಲದಲ್ಲಿ ಇನ್ನೂ ಹುಟ್ಟಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.

ತಮ್ಮ ಸೇವೆಯಿಂದ ಸದಾ ನಡುಗುತ್ತಿರುವ,

ತಮ್ಮ ವಿಶ್ವಾಸಿ,
ಭವ್ಯಶ್ರೀ ಹರ್ಷವರ್ಧನ್
ಹೊಳೆನರಸೀಪುರ, ಶ್ರಾವಣದವರೆಗೆ ಮಾತ್ರ

ಮರೆತ ಮಾತು: ತಮ್ಮ ಚಾರ್ಜರ್ ನನ್ನ ತವರಿನ ಬೀರುವಿನಲ್ಲಿದೆ. ನಿನ್ನೆ ತಾವು ಕಣ್ಣು ಮುಚ್ಚಿದಿರೆಂಬ ಸುದ್ದಿ ಬಂತು. ಚಾರ್ಜರ್ ತರಲು ಬೆಟ್ಟಮ್ಮನವರೇ ಮಗನನ್ನು ಕಳುಹಿಸುತ್ತಿದ್ದಾರೆ. ಅಳಿಯ ಇಲ್ಲಿನ ಹೊಸಿಲು ತುಳಿಯುವಂತಿಲ್ಲವಾದ್ದರಿಂದ ಅದೇ ಹಾಸನದ ಅದೇ ಹೋಟೆಲಿನಲ್ಲಿ ಕೊಡಬೇಕಂತೆ. ನಾನು ಖಂಡಿತ ಹೋಗುತ್ತೇನೆ, ಚಾರ್ಜರನ್ನು ಮಾತ್ರ ಮನೆಯಲ್ಲಿ ಮರೆತು ಹೋಗುವವಳಿದ್ದೇನೆ. ಅತ್ತೆಗೆ ಇದು ತಿಳಿಯದೆಂದು ತಾವು ಬೀಗಬೇಡಿ. ಹೊರಡುವ ಮಗನಿಗೆ ಅವರು ಈಗಾಗಲೇ ಹೇಳಿದ್ದಾರಂತೆ: "ಅವ್ಳು ಮರ್ತು ಬಂದಿದ್ರೆ ಬೈಬ್ಯಾಡ ಕಣ್ಲಾ, ಇನ್ನೊಂದ್ ಕಿತಾ ಓಗಿ ಬಂದ್ರಾಯ್ತು."